ಫಾರ್ಮಿಕ್ ಆಸಿಡ್ ಪಟ್ಟಿ: ನಾಲ್ಕು ವಸಂತ ಬಳಸಿದ ಮೇಲೆ

ಪೆನ್ಸಿಲ್ವೇನಿಯಾದ ನಮ್ಮ ಮನೆ ಹಿತ್ತಿಲಲ್ಲಿ ಮೂರು ಜೇನುಪೆಟ್ಟಿಗೆ ಇವೆ. 2022ರಿಂದ 2025ರವರೆಗೆ ಪ್ರತಿ ವಸಂತದಲ್ಲೂ ಜೇನುನೊಣದ ಮೈಗೆ ಅಂಟಿಕೊಂಡು ಬದುಕುವ ವರೋವಾ ನುಸಿಗೆ ಔಷಧಿಯಾಗಿ ಫಾರ್ಮಿಕ್ ಆಸಿಡ್ ತುಂಬಿದ ಪಟ್ಟಿ ಹಾಕಿದ್ದೇನೆ. ಒಂದು ಪೆಟ್ಟಿಗೆಗೆ ಎರಡು ಪಟ್ಟಿ, 14 ದಿನ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಈ ನಾಲ್ಕು ವರ್ಷದಲ್ಲಿ ಒಂದು ರಾಣಿಯನ್ನು ಕಳೆದುಕೊಂಡಿದ್ದೇನೆ, ಅದನ್ನೂ ಇಲ್ಲಿ ಬರೆಯಲೇಬೇಕು.

ಮೊದಲ ವರ್ಷ, 2021ರಲ್ಲಿ, ನಾನು ಏನೂ ಹಾಕಿರಲಿಲ್ಲ. ಶಿರಸಿ ಹತ್ತಿರದ ನಮ್ಮೂರಲ್ಲಿ ಅಜ್ಜ, ಅಪ್ಪಯ್ಯ ಇಬ್ಬರೂ ತುಡುವೆ, ಅಂದರೆ ನಮ್ಮ ನಾಡಿನ ಜೇನು, ಸಾಕಿದವರು. ಅಡಿಕೆ ತೋಟದ ಅಂಚಲ್ಲಿ ಪೆಟ್ಟಿಗೆ, ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಅಷ್ಟೇ ಆರೈಕೆ. ಅದೇ ಧೈರ್ಯದಲ್ಲಿ ಇಲ್ಲೂ ಇದ್ದೆ. ಸೆಪ್ಟೆಂಬರ್ ಹೊತ್ತಿಗೆ ಪೆಟ್ಟಿಗೆ ಮುಂದಿನ ಹುಲ್ಲಲ್ಲಿ ನೊಣಗಳು ತೆವಳತೊಡಗಿದವು. ರೆಕ್ಕೆ ಇರಬೇಕಾದ ಕಡೆ ಸುಟ್ಟ ಕಾಗದದ ಹಾಗೆ ಮುದುಡಿದ ಚೂರು. ಹಾರಲು ಹೋಗಿ ಮಗುಚಿ ಬೀಳುತ್ತಿದ್ದವು. ನುಸಿ ಹರಡುವ ವೈರಸ್ಸಿನ ಕೆಲಸ ಅದು. ಜನವರಿಗೆ ಪೆಟ್ಟಿಗೆ ಖಾಲಿ.

ಫೋನಲ್ಲಿ ಹೇಳಿದಾಗ ಅಪ್ಪಯ್ಯ ಕೇಳಿದರು: "ನಾವು ತುಡುವೆಗೆ ಯಾವತ್ತೂ ನುಸಿ ಔಷಧಿ ಹಾಕಿದ್ದೇ ಇಲ್ವಲ್ಲೋ ತಮಾ, ನಿನ್ನ ಹುಳಕ್ಕೆ ಮಾತ್ರ ಯಾಕೆ ಬೇಕು?"

ನ್ಯಾಯವಾದ ಪ್ರಶ್ನೆ. ಈ ನುಸಿ ಮೂಲದಲ್ಲಿ ತುಡುವೆ ಜಾತಿಯ ಜೇನಿನ ಮೇಲೆ ಬದುಕುತ್ತಿದ್ದದ್ದೇ. ಆದರೆ ತುಡುವೆ ನೊಣಗಳು ಮೈ ತಡವಿಕೊಂಡು ನುಸಿ ಕಿತ್ತು ಹಾಕುತ್ತವೆ. ಅಲ್ಲಿ ನುಸಿ ಮರಿ ಮಾಡುವುದೂ ಬಹುಪಾಲು ಗಂಡುನೊಣದ ಮರಿ ಬೆಳೆಯುವ ಮೇಣದ ಕಣಗಳಲ್ಲಿ ಮಾತ್ರ. ನಾನಿಲ್ಲಿ ಸಾಕುವ, ಯುರೋಪಿನ ಮೆಲ್ಲಿಫೆರಾ ಜೇನನ್ನು ಏಷ್ಯಾಕ್ಕೆ ತಂದ ಮೇಲೆ ನುಸಿ ಅದಕ್ಕೂ ದಾಟಿಕೊಂಡಿತು. ಮೆಲ್ಲಿಫೆರಾಗೆ ತುಡುವೆಯಷ್ಟು ಚೆನ್ನಾಗಿ ನುಸಿ ಕೀಳಲು ಬರಲ್ಲ. ಕೆಲಸಗಾರ ನೊಣದ ಕಣದಲ್ಲೂ ನುಸಿ ಮರಿ ಮಾಡುತ್ತದೆ. ಅಮೆರಿಕದಲ್ಲಿ ಇದು ಮೊದಲು ಸಿಕ್ಕಿದ್ದು 1987ರಲ್ಲಿ. ಈಗ ನುಸಿ ಇಲ್ಲದ ಪೆಟ್ಟಿಗೆ ಹುಡುಕುವುದೇ ಕಷ್ಟ.

ಫಾರ್ಮಿಕ್ ಪಟ್ಟಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಎರಡು. ವಸಂತದಲ್ಲಿ ರಾಣಿ ಜೋರಾಗಿ ಮೊಟ್ಟೆ ಇಡುತ್ತದೆ. ಕೆಲಸಗಾರ ನೊಣದ ಕಣ ಮುಚ್ಚಿದ ಮೇಲೆ ಸುಮಾರು 12 ದಿನ ಮುಚ್ಚೇ ಇರುತ್ತದೆ, ನುಸಿ ಮರಿ ಮಾಡುವುದು ಅದರೊಳಗೆ. ಇನ್ನೊಂದು ನುಸಿ ಔಷಧಿ ಆಕ್ಸಾಲಿಕ್ ಆಸಿಡ್ ಆ ಮೇಣದ ಮುಚ್ಚಳ ದಾಟಲ್ಲ. ಮರಿ ಇಲ್ಲದ ಡಿಸೆಂಬರ್‌ನಲ್ಲಿ ಅದು ಚೆನ್ನ, ನಾನೂ ಆಗ ಅದನ್ನೇ ಬಳಸುತ್ತೇನೆ. ಫಾರ್ಮಿಕ್ ಆವಿ ಮುಚ್ಚಳದ ಒಳಗೂ ಹೋಗುತ್ತದೆ. ಎರಡನೆಯದು ಸಮಯ. ಅಮಿಟ್ರಾಜ್ ಅನ್ನೋ ಬೇರೆ ನುಸಿ ಔಷಧಿಯ ಪಟ್ಟಿ ಕನಿಷ್ಠ 6 ವಾರ ಒಳಗಿರಬೇಕು, ಆಗ ನಾವು ತೆಗೆಯುವ ಜೇನು ತುಂಬುವ ಮೇಲಿನ ಜೇನುಕೋಣೆ ಇಡುವ ಹಾಗಿಲ್ಲ. ಇಲ್ಲಿ ಮೇ ಮಧ್ಯಕ್ಕೆ ಬ್ಲ್ಯಾಕ್ ಲೋಕಸ್ಟ್ ಮರ ಹೂ ಬಿಡುತ್ತದೆ, ವರ್ಷದ ಒಳ್ಳೆ ಜೇನೆಲ್ಲ ಆಗಲೇ ಬರುವುದು. ಫಾರ್ಮಿಕ್ ಪಟ್ಟಿ ಎರಡು ವಾರದಲ್ಲಿ ಮುಗಿಯುತ್ತದೆ.

ಹಾಕುವ ಮುಂಚೆ ಎಣಿಸಲೇಬೇಕು. ಮರಿ ಇರುವ ಎರಿ (ಮೇಣದ ಕಣಗಳ ಹಲಗೆ) ಎತ್ತಿ, ರಾಣಿ ಅದರ ಮೇಲಿಲ್ಲ ಅಂತ ಎರಡು ಸಲ ನೋಡಿ, ಅರ್ಧ ಕಪ್ ನೊಣಗಳನ್ನು ಆಲ್ಕೋಹಾಲ್ ಇರುವ ಜಾರಿಗೆ ಕೊಡವಿಕೊಳ್ಳುತ್ತೇನೆ. ಸುಮಾರು 300 ನೊಣ. ಒಂದು ನಿಮಿಷ ಗಿರಗಿರ ತಿರುಗಿಸಿದರೆ ನುಸಿ ತಳಕ್ಕೆ ಇಳಿಯುತ್ತದೆ. ಚಪ್ಪಟೆ ಮಾಡಿದ ರಾಗಿ ಕಾಳಿನ ಹಾಗೆ, ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಗಾತ್ರ. 300 ನೊಣ ಸಾಯುತ್ತವೆ ಅನ್ನೋ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಆದರೂ ಮಾಡುತ್ತೇನೆ. 2022ರ ಏಪ್ರಿಲ್‌ನಲ್ಲಿ ಮೊದಲ ಜಾರಿನಲ್ಲಿ 9 ನುಸಿ ಸಿಕ್ಕವು, ಅಂದರೆ ನೂರಕ್ಕೆ ಮೂರು. ವಸಂತಕ್ಕೆ ಅದು ತುಂಬಾ ಜಾಸ್ತಿ. ಪಟ್ಟಿ ತೆಗೆದು ಕೆಲವು ದಿನ ಬಿಟ್ಟು ನೋಡಿದಾಗ ಒಂದೇ ಒಂದು.

ಪೊಟ್ಟಣ ಬಿಚ್ಚಿದ ತಕ್ಷಣ ಮೂಗಿಗೆ ಹೊಡೆಯುವ ವಾಸನೆ ನನಗೆ ಹೊಸದಲ್ಲ. ಮಾವಿನ ಮರದಲ್ಲಿ ಚಗಳಿ (ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ) ಗೂಡು ಕಲಕಿದಾಗ ಬರುವ ಹುಳಿ ಘಾಟು, ಅದೇ ಆಸಿಡ್ ಇದು. ಆದರೆ ಚಗಳಿಯ ಸದರ ಇಲ್ಲಿ ಬೇಡ. ಆಸಿಡ್ ತಡೆಯುವ ಕೈಗವಸು ಹಾಕಿ, ಗಾಳಿ ಬೆನ್ನಿಗೆ ಬರುವ ಹಾಗೆ ನಿಂತುಕೊಳ್ಳಿ. ಪಟ್ಟಿಯ ಕಾಗದ ಬಿಚ್ಚಬಾರದು, ಹಾಗೇ ಮರಿ ಬೆಳೆಯುವ ಸಂಸಾರ ಕೋಣೆಯ ಫ್ರೇಮ್‌ಗಳ ಮೇಲೆ ಅಡ್ಡಕ್ಕೆ ಮಲಗಿಸಬೇಕು. ಕೆಳಗಿನ ಬಾಗಿಲು ಪೂರ್ತಿ ತೆರೆದಿರಬೇಕು. ನೊಣ ಕಮ್ಮಿ ಇರುವ ಪೆಟ್ಟಿಗೆಗೆ ಹಾಕಬೇಡಿ, ಆರು ಫ್ರೇಮ್ ತುಂಬಾದರೂ ನೊಣ ಇರಬೇಕು. ಮೊದಲ ಸಂಜೆ ನೊಣಗಳು ಹೊರಗೆ ಗಡ್ಡದ ಹಾಗೆ ನೇತಾಡುತ್ತವೆ, ಮರುದಿನ ಸತ್ತ ಮರಿಗಳನ್ನು ಎಳೆದು ತಂದು ಹಾಕುತ್ತವೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಪೆಟ್ಟಿಗೆ ತೆರೆಯಬೇಡಿ, ಬಿಟ್ಟುಬಿಡಿ.

ಈಗ 2023ರ ವಿಷಯ. ಹಗಲಿನ ಬಿಸಿ 10ರಿಂದ 29.5 ಡಿಗ್ರಿ ಒಳಗಿರಬೇಕು, ಮೊದಲ ಮೂರು ದಿನ ಅದನ್ನು ದಾಟಿದರೆ ರಾಣಿಗೆ ಅಪಾಯ ಅಂತ ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಏಪ್ರಿಲ್ 12ಕ್ಕೆ ಹಾಕಿದೆ. ಮುನ್ಸೂಚನೆಯಲ್ಲಿ 30 ದಾಟುತ್ತೆ ಅಂತ ಇತ್ತು. ಏಪ್ರಿಲ್ ಅಲ್ವಾ, ಎಷ್ಟು ಹೊತ್ತು ನಿಲ್ಲುತ್ತೆ ಆ ಬಿಸಿಲು ಅಂದುಕೊಂಡೆ. ಮರುದಿನ 31 ಆಯಿತು. ಎರಡು ವಾರ ಬಿಟ್ಟು ನಡುವಿನ ಪೆಟ್ಟಿಗೆ ತೆರೆದರೆ ಒಂದೂ ಮೊಟ್ಟೆ ಇಲ್ಲ. ಎರಿಯ ಬದಿಯಲ್ಲಿ ನೆಲಗಡಲೆ ಕಾಯಿಯ ಹಾಗೆ ನೇತಾಡುವ ರಾಣಿ ಕಣ ಎರಡು. ಹಳೇ ರಾಣಿ ಸತ್ತಿತ್ತು. ತಪ್ಪು ಪೂರ್ತಿ ನನ್ನದು. ಹೊಸ ರಾಣಿ ಕೊಂಡು ತಂದು ಬಿಟ್ಟೆ, ಪೆಟ್ಟಿಗೆ ಉಳಿಯಿತು. ಆ ವರ್ಷ ಅದರಿಂದ ಜೇನು ಮಾತ್ರ ಸಿಗಲಿಲ್ಲ.

ಬೆಂಗಳೂರಲ್ಲಿ ಮೆಲ್ಲಿಫೆರಾ ಸಾಕುವ ಗೆಳೆಯನೊಬ್ಬ ತಾನೂ ಹಾಕಲಾ ಅಂತ ಕೇಳಿದ್ದ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ 33, 34 ಡಿಗ್ರಿ. ಬೇಡವೇ ಬೇಡ ಅಂದೆ.

ಅದಾದ ಮೇಲೆ ನಾನು ತಾರೀಖು ನೋಡಿ ಹಾಕುವುದು ಬಿಟ್ಟೆ. ನಾಲ್ಕು ದಿನ ಸೇರಿ ತಂಪಾಗಿರುವುದು ಸಿಗುವವರೆಗೆ ಕಾಯುತ್ತೇನೆ. ಈ ವರ್ಷ ಏಪ್ರಿಲ್ ಕೊನೆಯವರೆಗೆ ಕಾದೆ. ಎಣಿಕೆಯಲ್ಲಿ 7, 5, 2 ಬಂತು. ಎರಡು ಇದ್ದ ಪೆಟ್ಟಿಗೆಗೆ ಪಟ್ಟಿ ಹಾಕಲಿಲ್ಲ. ಮಿಕ್ಕ ಎರಡರಲ್ಲಿ ಆಮೇಲೆ 1 ಮತ್ತು 0. ಮೂರಕ್ಕೂ ಜೇನುಕೋಣೆ ಏರಿಸಿದ ವಾರದಲ್ಲೇ ಲೋಕಸ್ಟ್ ಅರಳಿತು. ಹಾಕದೆ ಬಿಟ್ಟ ಪೆಟ್ಟಿಗೆಯನ್ನು ಜೂನ್‌ನಲ್ಲಿ ಮತ್ತೆ ಎಣಿಸಬೇಕು. ಅದಕ್ಕೆ ಬೇಕಾದ ಎರಡು ಪಟ್ಟಿ ಪೊಟ್ಟಣ ಒಡೆಯದೆ ನೆಲಮಾಳಿಗೆಯ ತಂಪಿನಲ್ಲಿ ಇಟ್ಟಿದ್ದೇನೆ.