ಹೊಸ ಡಾಂಬರಿನ ಟ್ರ್ಯಾಕ್‌ಗೆ ಯಾವ ಟೈರ್: ಮೆತ್ತಗಿನದೋ, ಗಟ್ಟಿಯದೋ, ರಸ್ತೆಯದೋ?

ನಾವು ಹೋಗುವ ರೇಸ್‌ಟ್ರ್ಯಾಕ್‌ಗೆ ಹೊಸದಾಗಿ ಡಾಂಬರು ಹಾಕಿದ್ದಾರೆ ಎಂಬ ಸುದ್ದಿ ಬಂದ ಕೂಡಲೇ ಬೆಳಗಾವಿಯ ನಮ್ಮ ಬೈಕ್ ಬಳಗ ಎರಡು ಪಕ್ಷವಾಯಿತು. ಹೊಸ ಮೈ ನುಣುಪಾಗಿರುತ್ತದೆ, ಜಾರುತ್ತದೆ, ಮೆತ್ತಗಿನ ರೇಸ್ ಟೈರ್ ಇಲ್ಲದೆ ಹೋಗಲೇಬಾರದು ಎಂದು ಒಂದು ಪಕ್ಷ. ಹೊಸ ಡಾಂಬರು ಟೈರನ್ನು ತಿಂದು ಹಾಕುತ್ತದೆ, ಗಟ್ಟಿಯದನ್ನೇ ಹಾಕಬೇಕು ಎಂದು ಇನ್ನೊಂದು. ಖಾನಾಪುರ ರಸ್ತೆಯಲ್ಲಿ ನಮಗೆಲ್ಲ ಟೈರ್ ಕೂರಿಸಿಕೊಡುವ ಕಾಕಾ ಇಬ್ಬರ ಮಾತಿಗೂ ತಲೆ ಹಾಕಲಿಲ್ಲ. "ಇರುವ ಟೈರಿನಲ್ಲೇ ಗಾಳಿ ಸರಿಯಾಗಿ ಹಿಡಿದು ಓಡಿಸಿ ನೋಡು ತಮ್ಮಾ, ಆಮೇಲೆ ಜೇಬಿಗೆ ಕೈ ಹಾಕು" ಎಂದರು. ಮೂರನ್ನೂ ಒಂದೇ ಬೈಕಿಗೆ ಹಾಕಿ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬೈಕು ಕೆಟಿಎಂ ಆರ್‌ಸಿ 390. ಟೈರ್ ಅಳತೆ ಮುಂದೆ 110/70, ಹಿಂದೆ 150/60, ಎರಡೂ 17 ಇಂಚಿನ ಚಕ್ರಗಳು. ಸುಮಾರು 43 ಅಶ್ವಶಕ್ತಿಯ ಬೈಕು ಇದು ಎಂಬುದನ್ನು ಓದುಗರು ಮರೆಯಬಾರದು, ಏಕೆಂದರೆ ಸಾವಿರ ಸಿಸಿಯ ಲೀಟರ್ ಬೈಕಿನವರ ಅನುಭವ ಇಲ್ಲಿ ಹೊಂದುವುದಿಲ್ಲ. ಟೈರ್ ಕಂಪನಿಗಳ ಹೆಸರನ್ನು ಬಿಟ್ಟಿದ್ದೇನೆ. ಒಂದೇ ಕಂಪನಿ ಮೂರೂ ಬಗೆಯ ಟೈರ್ ಮಾಡುತ್ತದೆ. ಇಲ್ಲಿ ಹೆಸರಿಗಿಂತ ಜಾತಿ ಮುಖ್ಯ.

ಹೊಸ ಡಾಂಬರಿನ ಗುಣವನ್ನು ಮೊದಲು ತಿಳಿಯಬೇಕು. ಹಾಕಿದ ಹೊಸತರಲ್ಲಿ ಜಲ್ಲಿಯ ಪ್ರತಿ ಹರಳಿನ ಮೇಲೂ ಡಾಂಬರಿನ ತೆಳುವಾದ ಪೊರೆ ಇರುತ್ತದೆ. ಟೈರ್ ಮುಟ್ಟುವುದು ಕಲ್ಲನ್ನಲ್ಲ, ಆ ಪೊರೆಯನ್ನು. ಜೊತೆಗೆ ಎಣ್ಣೆಯಂಶವೂ ಮೇಲಕ್ಕೆ ಬರುತ್ತದೆ. ಚಳಿ ಅಥವಾ ತೇವ ಇದ್ದರೆ ಜಾರುವುದು ಇದರಿಂದಲೇ. 2020ರಲ್ಲಿ ಇಸ್ತಾನ್‌ಬುಲ್‌ನ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಜಗತ್ತಿನ ಅತ್ಯುತ್ತಮ ಚಾಲಕರು ಹೊಸ ಡಾಂಬರಿನ ಮೇಲೆ ಗಿರಗಿರನೆ ತಿರುಗಿದ್ದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಆದರೆ ಬೈಕುಗಳು, ಕಾರುಗಳು ಓಡಾಡಿ ಪೊರೆ ಸವೆದು ಕಲ್ಲು ಹೊರಬಂದ ಮೇಲೆ ಕಥೆ ತಿರುಗಿಬೀಳುತ್ತದೆ. ಹೊಸ ಕಲ್ಲಿನ ಅಂಚು ಹರಿತ, ಮೈ ಕಪ್ಪು, ಬಿಸಿಲನ್ನು ಹೀರಿಕೊಳ್ಳುತ್ತದೆ. ಹಿಡಿತ ಹಳೆಯ ಮೈಗಿಂತ ಹೆಚ್ಚು, ಟೈರಿಗೆ ಏರುವ ಬಿಸಿಯೂ ಹೆಚ್ಚು. ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ಟ್ರ್ಯಾಕ್‌ಗೆ 2012ರ ಕೊನೆಗೆ ಹೊಸ ಮೈ ಹಾಕಿದರು. ಮರುವರ್ಷ ಅಲ್ಲಿ ನಡೆದ ಮೋಟೋಜಿಪಿ ವಿಶ್ವ ಬೈಕ್ ಸ್ಪರ್ಧೆಯಲ್ಲಿ ಟೈರ್‌ಗಳು ಬಿಸಿ ತಾಳಲಾರವು ಎಂದು ಸ್ಪರ್ಧೆಯನ್ನು 19 ಸುತ್ತಿಗೆ ಇಳಿಸಿ, ನಡುವೆ ಬೈಕ್ ಬದಲಿಸುವುದನ್ನು ಕಡ್ಡಾಯ ಮಾಡಬೇಕಾಯಿತು. ಬೈಕ್ ಬದಲಿಸಲು ಗೊತ್ತುಮಾಡಿದ್ದ ಸುತ್ತಿನ ಗಡಿ ದಾಟಿದ ಮೇಲೆ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ಬೈಕ್ ನಿಲ್ಲಿಸುವ ಜಾಗಕ್ಕೆ, ಬಂದ ಸವಾರ ಮಾರ್ಕ್ ಮಾರ್ಕೆಸ್ ಕಪ್ಪು ಬಾವುಟ ಕಂಡು ಹೊರಬಿದ್ದರು.

ನಾವು ಹೋದಾಗ ಟ್ರ್ಯಾಕ್ ಈ ಎರಡು ಸ್ಥಿತಿಗಳ ನಡುವೆ ಇತ್ತು. ಎಲ್ಲರೂ ಹಾಯುವ ಗೆರೆಯಲ್ಲಿ ಬೂದು ಬಣ್ಣದ ಜಲ್ಲಿ ಇಣುಕುತ್ತಿತ್ತು. ಅದರಾಚೆ ಒಂದು ಮೀಟರ್ ಸರಿದರೆ ಇನ್ನೂ ಎಣ್ಣೆಗಪ್ಪು.

ಮೊದಲು ಮೆತ್ತಗಿನ ರೇಸ್ ಟೈರ್. ವಾರ್ಮರ್ ಹೊದಿಸಿ ಬಿಸಿ ಮಾಡಿಕೊಂಡು ಹೋದೆ. ಮೊದಲ ಮೂರು ನಾಲ್ಕು ಸುತ್ತು ಸ್ವರ್ಗ. ಉದ್ದನೆಯ ಬಲ ತಿರುವಿನಲ್ಲಿ ಬೈಕನ್ನು ಎಷ್ಟು ಮಲಗಿಸಿದರೂ ಇನ್ನಷ್ಟು ಮಲಗು ಎನ್ನುತ್ತಿತ್ತು. ಸುತ್ತಿನ ಸಮಯ ರಸ್ತೆ ಟೈರ್‌ಗಿಂತ ಒಂದೂವರೆ ಸೆಕೆಂಡ್ ಕಡಿಮೆ. ಬೆಳಗಿನ ತಂಪಿನಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಬಿಸಿಲೇರಿದಂತೆ ಮಾತ್ರ ಹಿಂದಿನ ಚಕ್ರ ತಿರುವಿನಿಂದ ಹೊರಬರುವಾಗ ತೇಲತೊಡಗಿತು. ಪಿಟ್‌ಗೆ ಬಂದು ಬಗ್ಗಿ ನೋಡಿದರೆ ಬಲ ಅಂಚಿನಲ್ಲಿ ಎರಡು ಬೆರಳು ಅಗಲದ ಪಟ್ಟಿಯುದ್ದಕ್ಕೂ ರಬ್ಬರ್ ಸುರುಳಿ ಸುತ್ತಿ ಸಣ್ಣ ಸಣ್ಣ ಎಳೆಗಳಾಗಿತ್ತು, ಮೇಲೆ ನೀಲಿ ಹೊಳಪು. ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಅತಿ ಬಿಸಿಯಾಗಿ ಹರಿದ ಟೈರ್‌ನ ಲಕ್ಷಣ ಇದು. ಎಡ ಅಂಚು ಹೊಸದರಂತೆಯೇ ಇತ್ತು. ಅರ್ಧ ಟೈರ್ ಎಸೆಯಲು ಪೂರ್ತಿ ಟೈರಿನ ಬೆಲೆ ಕೊಟ್ಟ ಹಾಗೆ.

ಗಟ್ಟಿ ರೇಸ್ ಟೈರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದದ ಮೇಲೆ ಹೊಸ ಡಾಂಬರಿಗೆ ಇದೇ ಸರಿ, ಬಲಶಾಲಿ ಬೈಕಿಗೆ ನಿಜಕ್ಕೂ ಸರಿ ಇರಬಹುದು. ನನ್ನ ಬೈಕಿನ ತೂಕಕ್ಕೂ ಶಕ್ತಿಗೂ ಅದು ಬಿಸಿಯೇ ಆಗಲಿಲ್ಲ. ಬೆಳಗಿನ ಓಟದಲ್ಲಿ ಅದೂ ಹರಿಯಿತು, ಆದರೆ ಹರಿದ ರೀತಿ ಬೇರೆ: ಎಳೆಗಳಲ್ಲ, ಬ್ಲೇಡಿನಿಂದ ಸೀಳಿದಂಥ ಆಳವಾದ ಗಾಯಗಳು. ಮೇಲ್ಮೈ ಕಲ್ಲಿಗೆ ಕಚ್ಚಿಕೊಂಡು ಒಳಗಿನ ರಬ್ಬರ್ ಇನ್ನೂ ತಣ್ಣಗೆ ಬಿಗಿಯಾಗಿದ್ದಾಗ ಹೀಗಾಗುತ್ತದೆ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಚೆನ್ನಾಗಿ ಓಡಿತು ಎಂಬುದನ್ನು ಒಪ್ಪುತ್ತೇನೆ. ಮಧ್ಯಾಹ್ನ ಎರಡಕ್ಕಾಗಿ ಮಾತ್ರ ಒಂದು ಜೊತೆ ಟೈರ್ ಕೊಳ್ಳುವಷ್ಟು ಸಿರಿವಂತ ನಾನಲ್ಲ.

ಮೂರನೆಯದು ರಸ್ತೆಗೂ ಟ್ರ್ಯಾಕ್‌ಗೂ ನಡೆಯುವ ಸ್ಪೋರ್ಟ್ ರೇಡಿಯಲ್. ವಾರ್ಮರ್ ಬೇಡ, ಎರಡು ಸುತ್ತಿಗೆ ಬಿಸಿಯಾಗುತ್ತದೆ. ಆದರೆ ಇದರ ಹಣೆಬರಹವೆಲ್ಲ ಗಾಳಿಯಲ್ಲಿದೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ; ಟ್ರ್ಯಾಕ್ ಇರುವುದು ತಮಿಳುನಾಡಿನ ಕರಾವಳಿ ಬಯಲಿನಲ್ಲಿ. ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಕೆಳಗೆ ಇಳಿದರೆ ಹೊರಗಿನ ಒತ್ತಡ ಹೆಚ್ಚುತ್ತದೆ, ಹಾಗಾಗಿ ಇಲ್ಲಿ ತುಂಬಿಸಿದ ಗಾಳಿ ಅಲ್ಲಿ ಸುಮಾರು 1.2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಕಾಣುತ್ತದೆ. ಇನ್ನೊಂದು ಕಡೆ ಅಲ್ಲಿನ ಸೆಖೆ: ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕಿ ಗೇಜ್ ಮೊದಲಿನ ಅಂಕಿಯನ್ನೇ ತೋರಿಸುತ್ತದೆ. ಬೈಕನ್ನು ಟೆಂಪೊದಿಂದ ಇಳಿಸಿ, ಗಾಳಿ ಹಾಗೇ ಇದೆ ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು. ಊರಿನ ಲೆಕ್ಕ ಊರಿಗೆ, ಟ್ರ್ಯಾಕ್‌ನ ಲೆಕ್ಕ ಟ್ರ್ಯಾಕ್‌ಗೆ.

ಹಿಂದಿನ ಚಕ್ರಕ್ಕೆ ತಣ್ಣಗಿದ್ದಾಗ 28 ಪಿಎಸ್‌ಐ ಇಟ್ಟು ಹೋದಾಗ, ಬಿಸಿಯಾಗಿ ಬಂದ ಕೂಡಲೇ ಅಳೆದರೆ 34 ದಾಟಿತ್ತು. ಹಳೆಯ ಮೈಯ ಮೇಲೆ ಇದೇ ಗಾಳಿಗೆ 33ರ ಒಳಗೇ ನಿಲ್ಲುತ್ತಿತ್ತು. ಗಾಳಿ ಹೆಚ್ಚಾದರೆ ಟೈರ್ ಉಬ್ಬಿ ನೆಲ ಮುಟ್ಟುವ ಜಾಗ ಕಿರಿದಾಗುತ್ತದೆ, ಆ ಕಿರಿದಾದ ಜಾಗವೇ ಎಲ್ಲ ಭಾರ ಹೊರಬೇಕು. ಅದಕ್ಕಾಗಿ ತಣ್ಣಗಿದ್ದಾಗಿನ ಅಂಕಿಯನ್ನು ಬಿಟ್ಟು ಬಿಸಿಯಾದಾಗಿನ ಅಂಕಿಯನ್ನು ಹಿಡಿದೆ: ಹಿಂದೆ 30, ಮುಂದೆ 32. ಇದಕ್ಕಾಗಿ ಹಿಂದಿನ ಚಕ್ರಕ್ಕೆ ತಣ್ಣಗೆ 25ರಿಂದ ಶುರು ಮಾಡಬೇಕಾಯಿತು. ಹೆಲ್ಮೆಟ್ ತೆಗೆಯುವ ಮೊದಲೇ ಗೇಜ್ ಹಿಡಿಯಬೇಕು. ಹರಟೆ ಹೊಡೆದು ನೀರು ಕುಡಿದು ಅಳೆದರೆ ಆ ಅಂಕಿಗೆ ಬೆಲೆಯಿಲ್ಲ. ಮತ್ತೆ ರಸ್ತೆಗೆ ಇಳಿಯುವ ಮುನ್ನ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿಕೊಳ್ಳಲೇಬೇಕು.

ಗಾಳಿ ಸರಿಹೋದ ಮೇಲೆ ಇನ್ನೊಂದು ಸಂಗತಿ ಕಂಡಿತು. ಹಿಡಿತ ಹೆಚ್ಚಿದ್ದರಿಂದ ಬ್ರೇಕ್ ಹಿಡಿದಾಗ ಮುಂಭಾಗ ಹೆಚ್ಚು ಬಗ್ಗುತ್ತಿತ್ತು, ಥ್ರಾಟಲ್ ಕೊಟ್ಟಾಗ ಹಿಂಭಾಗ ಹೆಚ್ಚು ಕುಸಿದು ಬೈಕು ಗೆರೆಯಿಂದ ಹೊರಕ್ಕೆ ಹೋಗುತ್ತಿತ್ತು. ಹಿಂದಿನ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ, ಒಂದು ಹಂತ ಏರಿಸಿದೆ, ಸರಿಯಾಯಿತು. ಹಳೆಯ ಮೈಯ ಉಬ್ಬುತಗ್ಗುಗಳಿಗಾಗಿ ಮೆತ್ತಗೆ ಇಟ್ಟುಕೊಂಡಿದ್ದ ಸಸ್ಪೆನ್ಷನ್ ಹೊಸ ಮೈಗೆ ಬೇಕಾಗಿರಲಿಲ್ಲ, ಅಷ್ಟೆ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ಐದು ನಿಮಿಷ. ನಮ್ಮವರು ಇದನ್ನು ಮುಟ್ಟದೆ ಟೈರಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ!

ಕಾಕಾನ ಪಕ್ಷ ಗೆದ್ದಿತು ಎಂದೇ ನನ್ನ ತೀರ್ಪು. ರಸ್ತೆ ಟೈರ್ ಬೆಳಗಿನ ಅತಿವೇಗದ ಸುತ್ತಿನಲ್ಲಿ ಸೋತಿತು. ದಿನವಿಡೀ ಓಡಿಸಿದಾಗ ಕೊನೆಯ ಸುತ್ತೂ ಮೊದಲ ಸುತ್ತಿನಂತೆಯೇ ಬಂದದ್ದು ಇದರಲ್ಲಿ ಮಾತ್ರ. ಮೆತ್ತಗಿನ ಟೈರ್ ಸುಸ್ತಾದ ಹೊತ್ತಿನಲ್ಲಿ ಇದು ಅದಕ್ಕಿಂತ ವೇಗವಾಗಿಯೇ ಇತ್ತು. ಪದಕಕ್ಕಾಗಿ ಓಡುವವರು, ಐದಾರು ಸುತ್ತಿನ ಸ್ಪರ್ಧೆಯವರು ಮೆತ್ತಗಿನದನ್ನೇ ಕೊಳ್ಳಲಿ, ಅವರಿಗೆ ಆ ಒಂದೂವರೆ ಸೆಕೆಂಡೇ ಸರ್ವಸ್ವ. ಕಲಿಯಲು ಹೋಗುವವರಿಗೆ ಅದು ದುಬಾರಿ ಚಟ.

ಮಳೆ ಬಂದರೆ ಮಾತ್ರ ಮೂರೂ ಟೈರ್ ಕಳಚಿ ಚಹಾ ಕುಡಿಯುತ್ತಾ ಕೂರುವುದು ಲೇಸು. ಹೊಸ ಮೈಯಲ್ಲಿ ನೀರು ಹರಿದುಹೋಗುವ ವ್ಯವಸ್ಥೆ ಕುದುರದಿದ್ದರೆ ದೊಡ್ಡವರ ಆಟವೂ ನಡೆಯುವುದಿಲ್ಲ. ಹೊಸದಾಗಿ ಮೈ ಹಾಕಿದ್ದ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನಲ್ಲಿ 2018ರ ಮೋಟೋಜಿಪಿ ನಿಂತ ನೀರಿನಿಂದಾಗಿ ರದ್ದಾಯಿತು.

ಅರ್ಧ ಸವೆದ ಆ ಮೆತ್ತಗಿನ ಜೋಡಿಯನ್ನು ಚೋರ್ಲಾ ಘಾಟಿಗೆ ಹಾಕಿಕೊಳ್ಳುತ್ತೇನೆ, ಕೊಡು ಎಂದು ಬಳಗದ ಹುಡುಗನೊಬ್ಬ ಬೆನ್ನು ಹತ್ತಿದ್ದಾನೆ. ಕೊಡುವುದಿಲ್ಲ. ಘಾಟಿಯ ತಂಪಿನಲ್ಲಿ, ರಸ್ತೆಯ ವೇಗದಲ್ಲಿ ಆ ರಬ್ಬರ್ ಬಿಸಿಯಾಗುವುದಿಲ್ಲ, ಒದ್ದೆ ಎಲೆಯ ಮೇಲೆ ಅದರ ಕೈಲಿ ಏನೂ ಆಗುವುದಿಲ್ಲ. ಎಡ ಅಂಚು ಇನ್ನೂ ಹೊಸದಾಗಿದೆಯಲ್ಲ ಎಂದು ವಾದಿಸುತ್ತಾನೆ. ಘಾಟಿಯಲ್ಲಿ ಬಲ ತಿರುವುಗಳೂ ಇವೆ.