ಹಾಸನದಲ್ಲಿ ಮೂಲಿಕೆ ಸಾರದ ವಿಷತ್ವ ಪರೀಕ್ಷೆ: ಕೈಕೆಲಸ ಅಚ್ಚುಕಟ್ಟು, ವರದಿ ಅರೆಬರೆ

ಹೊರಗಿನವರ ಮಾದರಿಗಳನ್ನೂ ತೆಗೆದುಕೊಳ್ಳುವ ಹಾಸನದ ಒಂದು ಪ್ರಾಣಿ ಪ್ರಯೋಗಾಲಯದ ಸೇವೆ ಇದು. ಕೊಟ್ಟದ್ದು ಅಮೃತಬಳ್ಳಿ ಕಾಂಡದ ಸಾರ. ಮಾಡಿಸಿದ್ದು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 423ನೇ ಪರೀಕ್ಷಾ ಮಾರ್ಗಸೂಚಿಯ ಪ್ರಕಾರ ಬಾಯಿಯ ಮೂಲಕ ಒಂದೇ ಡೋಸಿನ ತೀವ್ರ ವಿಷತ್ವ ಪರೀಕ್ಷೆ. ಇಲಿಗಳ ಆರೈಕೆಗೂ ಡೋಸ್ ಕೊಡುವ ಕೈಗೂ ಪೂರ್ತಿ ಅಂಕ. ವರದಿಗೆ ಅರ್ಧ.

ಸಸ್ಯಶಾಸ್ತ್ರಜ್ಞರ ಗುರುತಿನ ಪತ್ರ, ಒಣಗಿಸಿಟ್ಟ ಮಾದರಿಯ ಸಂಖ್ಯೆ ಇಲ್ಲದೆ ಇಲ್ಲಿ ಸಾರ ಮುಟ್ಟುವುದಿಲ್ಲ. ಅದು ಸರಿಯಾದ ಹಟ. ಅಮೃತಬಳ್ಳಿಯ, ಅಂದರೆ ಟಿನೊಸ್ಪೊರಾ ಕಾರ್ಡಿಫೋಲಿಯಾದ ಬದಲು ಕಾಂಡದ ತುಂಬ ಗಂಟುಗಂಟಾದ ಟಿನೊಸ್ಪೊರಾ ಕ್ರಿಸ್ಪಾ ಸೇರಿದ್ದರೆ ಮುಂದಿನ ಕೆಲಸವೆಲ್ಲ ಬೇರೆ ಗಿಡದ್ದಾಗುತ್ತದೆ. ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರದ ಸಮಿತಿಯಾದ ಸಿಸಿಎಸ್‌ಇಎಯ ನೋಂದಣಿ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಂಖ್ಯೆ ಎರಡನ್ನೂ ಕೇಳದೆಯೇ ತೋರಿಸುತ್ತಾರೆ. ನೈತಿಕ ಸಮಿತಿಯ ಸಭೆ ಆಗುವವರೆಗೆ ಕಾಯಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆಯಿಂದ ತರುವವರು ಸಾರವನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಬಾಟಲಿಯಲ್ಲೇ ತರಬೇಕು. ತೇವ ಎಳೆದುಕೊಂಡ ಸಾರವನ್ನು ತೂಗಿದರೆ ನೀರೂ ಡೋಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈ ಪರೀಕ್ಷೆ ಗೆಲ್ಲುವುದೂ ಕೆಡುವುದೂ ಡೋಸ್ ಕೊಡುವ ಹೊತ್ತಿನಲ್ಲಿ. ಒಂದು ಹಂತಕ್ಕೆ ಮೂರು ಹೆಣ್ಣು ಇಲಿ. ರಾತ್ರಿಯಿಡೀ ಆಹಾರ ತೆಗೆದು, ನೀರು ಮಾತ್ರ ಇಟ್ಟು, ಬೆಳಿಗ್ಗೆ ಉಪವಾಸದ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಇಲ್ಲಿ ಶುರುವಿನ ಡೋಸ್ ಇಲಿಯ ಕಿಲೋ ತೂಕಕ್ಕೆ 2000 ಮಿ.ಗ್ರಾಂ. ಎಂದರೆ 200 ಗ್ರಾಂ ಇಲಿಗೆ 400 ಮಿ.ಗ್ರಾಂ, 100 ಗ್ರಾಂ ತೂಕಕ್ಕೆ 1 ಮಿ.ಲೀ. ಮಿತಿಯಲ್ಲಿ ಅದು 2 ಮಿ.ಲೀ.ನಲ್ಲಿ ಹೋಗಬೇಕು. ಅಷ್ಟು ಗಟ್ಟಿಯಾದಾಗ ಅಂಟಿನಂಥ ಸಾರ ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ತಳಕ್ಕೆ ಕೂರುತ್ತದೆ. ಇಲ್ಲಿ ಸಾರವನ್ನು ತೇಲಿಸಿಡುವ 0.5% ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ದ್ರಾವಣವನ್ನು ಹನಿಹನಿಯಾಗಿ ಹಾಕಿ ಖಲ್ವದಲ್ಲಿ ಅರೆಯುತ್ತಾರೆ, ಪ್ರತಿ ಸಿರಿಂಜ್ ತುಂಬುವ ಮೊದಲು ಮತ್ತೆ ಕಲಕುತ್ತಾರೆ. ಕಲಕದಿದ್ದರೆ ಮೊದಲ ಇಲಿಗೆ ತಿಳಿ, ಕೊನೆಯದಕ್ಕೆ ಗಸಿ.

ಔಷಧವನ್ನು ನೇರ ಹೊಟ್ಟೆಗೆ ಇಳಿಸುವ, ತುದಿ ಉರುಟಾದ ಗವಾಜ್ ಸೂಜಿಯನ್ನು ಬಾಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಇಳಿಸುತ್ತಾರೆ, ತಡೆ ಸಿಕ್ಕರೆ ನೂಕದೆ ಹಿಂದಕ್ಕೆ ತೆಗೆಯುತ್ತಾರೆ. ಸಾರ ಶ್ವಾಸನಾಳಕ್ಕೆ ಹೋದರೆ ಇಲಿ ಏದುಸಿರು ಬಿಟ್ಟು ಬೇಗ ಸಾಯಬಹುದು. ಅದು ಸೂಜಿಯಿಂದಾದ ಸಾವು, ಗಿಡದಿಂದಲ್ಲ. ಅದನ್ನು ಗಿಡದ ಲೆಕ್ಕಕ್ಕೆ ಹಾಕಿಬಿಟ್ಟರೆ ಕಷ್ಟ: ಸಾರದಿಂದ ಮೂರರಲ್ಲಿ ಎರಡು ಅಥವಾ ಮೂರೂ ಸತ್ತರೆ ಕಿಲೋಗೆ 300 ಮಿ.ಗ್ರಾಂಗೆ ಇಳಿಯಬೇಕು, ಒಂದು ಸತ್ತರೆ ಅಥವಾ ಯಾವುದೂ ಸಾಯದಿದ್ದರೆ ಇನ್ನೂ ಮೂರಕ್ಕೆ 2000 ಕೊಡಬೇಕು. ಹಾಗಾಗಿ ಒಂದು ಕೆಟ್ಟ ಕೈ ಸಾರ ಎಷ್ಟು ವಿಷ ಎಂಬ ಇಡೀ ವರ್ಗೀಕರಣವನ್ನೇ ತಿರುಗಿಸಬಲ್ಲದು. ಇಲ್ಲಿ ಆ ಭಯವಿಲ್ಲ.

ವರದಿಗೆ ಬಂದರೆ ಬೇಸರ. ಮೊದಲ ನಾಲ್ಕು ಗಂಟೆಯ ವಿಶೇಷ ಗಮನಕ್ಕೆ ‘ಅಸಹಜ ಲಕ್ಷಣಗಳಿಲ್ಲ’ ಎಂಬ ಒಂದೇ ಸಾಲು. 0, 7, 14ನೇ ದಿನದ ತೂಕಕ್ಕೆ ಬರೀ ಸರಾಸರಿ. ಮೂರೇ ಇಲಿಗಳಿದ್ದಾಗ ಒಂದು ಸೊರಗಿದರೂ ಸರಾಸರಿ ಅದನ್ನು ಮುಚ್ಚಿಬಿಡುತ್ತದೆ. ಕೊಯ್ದು ನೋಡಿದ ಅಂಗಗಳ ಪಟ್ಟಿಯೂ ಇಲ್ಲ. ಮೂಲ ಹಾಳೆಗಳು ಕೇಳಿದ ಮೇಲೆ ಸಿಕ್ಕವು, ಅವು ಚೊಕ್ಕವಾಗಿಯೇ ಇದ್ದವು. ಪ್ರತಿ ಇಲಿಯ ಹಾಳೆಯೂ ವರದಿಯ ಜೊತೆ ಬೇಕೆಂದು ಹಣ ಕಟ್ಟುವ ಮೊದಲೇ ಬರೆಸಿಕೊಳ್ಳಿ.

‘ಸಂಪೂರ್ಣ ಸುರಕ್ಷಿತ’ ಎಂಬ ಕೊನೆಯ ವಾಕ್ಯವನ್ನಂತೂ ತೆಗೆಸಲೇಬೇಕು. 2000ಕ್ಕೆ ಸಾಯಲಿಲ್ಲ ಎನ್ನುವುದು ಒಂದು ಡೋಸಿನ ಮಾತು. ದಿನವೂ ಕಷಾಯ ಕುಡಿದರೆ ಯಕೃತ್ತಿಗೆ ಏನಾಗುತ್ತದೆ ಎಂಬುದಕ್ಕೆ ಒಇಸಿಡಿ 407ರ 28 ದಿನದ ಪರೀಕ್ಷೆ ಬೇಕು: ಪ್ರತಿ ಡೋಸಿಗೆ ಐದು ಗಂಡು, ಐದು ಹೆಣ್ಣು, ಜೊತೆಗೆ ರಕ್ತ ಮತ್ತು ಅಂಗಾಂಶ ಪರೀಕ್ಷೆ. ಸರಾಸರಿ ತೂಕ 250 ಗ್ರಾಂ ಹಿಡಿದರೆ ಕಿಲೋಗೆ ದಿನಕ್ಕೆ 1000, 500, 250 ಮಿ.ಗ್ರಾಂನ ಮೂರು ಡೋಸಿಗೆ ಸುಮಾರು 123 ಗ್ರಾಂ ಸಾರ; ಚೆಲ್ಲುವುದೂ ಸೇರಿ 150 ಗ್ರಾಂ ಕೊಡಿ. ನೂರಕ್ಕೆ ಹತ್ತು ಇಳುವರಿಯಾದರೆ ಒಂದೂವರೆ ಕಿಲೋ ಒಣ ಕಾಂಡ, ಎಲ್ಲವೂ ಒಂದೇ ಕೊಯ್ಲಿನದು.

ಇನ್ನೊಂದು ತಕರಾರು ಇದೆ. ಯಾವ ಗಿಡ ಎಂದು ನೋಡದೆ 2000ದಿಂದಲೇ ಶುರುಮಾಡುವ ರೂಢಿ ಇವರದು. ತಲೆಮಾರುಗಳಿಂದ ಬಳಸಿದ ಅಮೃತಬಳ್ಳಿಗೆ ಅದು ನಡೆದೀತು. ಮಾಹಿತಿಯೇ ಇಲ್ಲದ ಗಿಡಕ್ಕೆ 300ರಿಂದ ಆರಂಭಿಸಬೇಕು. ಅಬ್ರಿನ್ ಎಂಬ ಕಡುವಿಷ ಇರುವ ಗುಲಗಂಜಿ ಬೀಜದಂಥದ್ದಕ್ಕೆ ಇನ್ನೂ ಕೆಳಗಿನ ಡೋಸನ್ನು ಸಮಿತಿಗೆ ಹೋಗುವ ಅರ್ಜಿಯಲ್ಲೇ ನಮೂದಿಸಿ. ಇಲ್ಲವಾದರೆ ಮೂರು ಇಲಿಗಳು ಸುಮ್ಮನೆ ನರಳಿ ಸಾಯುತ್ತವೆ.