ಹಳೆಯ ಥಿಂಕ್‌ಪ್ಯಾಡ್‌ನಿಂದ ಹೊಸ ಲ್ಯಾಪ್‌ಟಾಪ್‌ಗೆ: ಸೀರಿಯಲ್ ಕೇಬಲ್, ಫ್ಲಾಪಿ, ಹಾರ್ಡ್‌ಡಿಸ್ಕ್, ಸಿಎಫ್ ಕಾರ್ಡ್

ವಿಂಡೋಸ್ 95 ಕಾಲದ ಲ್ಯಾಪ್‌ಟಾಪ್ ಒಂದರಿಂದ ಫೈಲ್‌ಗಳನ್ನು ಈಗಿನ ಲ್ಯಾಪ್‌ಟಾಪ್‌ಗೆ ತರಲು ನಾಲ್ಕು ದಾರಿಗಳನ್ನು ಪ್ರಯೋಗಿಸಿ ನೋಡಿದ್ದೇನೆ. ನಾಲ್ಕರಲ್ಲಿ ನನಗೆ ಒಗ್ಗಿದ್ದು ಪಿಸಿಎಂಸಿಐಎ ಅಡಾಪ್ಟರ್‌ನಲ್ಲಿ ಕೂರಿಸಿದ ಕಾಂಪ್ಯಾಕ್ಟ್ ಫ್ಲ್ಯಾಶ್ (ಸಿಎಫ್) ಕಾರ್ಡ್, ಅಂದರೆ ಹಳೆಯ ಕ್ಯಾಮೆರಾಗಳ ಮೆಮೊರಿ ಕಾರ್ಡ್. ಮಿಕ್ಕ ಮೂರಕ್ಕೂ ಅವುಗಳದೇ ಆದ ಸಂದರ್ಭಗಳಿವೆ. ಆದರೆ ಹಣ ಕೊಟ್ಟು ಒಂದನ್ನೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ.

ಯಂತ್ರ 1996ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಥಿಂಕ್‌ಪ್ಯಾಡ್ 560. ನನ್ನ ಸೋದರಮಾವನವರು ಬಳಸುತ್ತಿದ್ದದ್ದು. ಆ ಕಾಲಕ್ಕೆ ಬಲು ತೆಳ್ಳಗಿನ ಯಂತ್ರವಾಗಿದ್ದ ಇದರಲ್ಲಿ ಯುಎಸ್‌ಬಿ ಇಲ್ಲ, ಸಿಡಿ ಡ್ರೈವ್ ಇಲ್ಲ, ಫ್ಲಾಪಿ ಡ್ರೈವ್ ಕೂಡ ಕೇಬಲ್ಲಿನಿಂದ ಹೊರಗೆ ಜೋಡಿಸಬೇಕಾದದ್ದು. ಇರುವುದು 9 ಪಿನ್ನಿನ ಸೀರಿಯಲ್ ಪೋರ್ಟ್, ಪ್ಯಾರಲಲ್ ಪೋರ್ಟ್ ಮತ್ತು ಪಕ್ಕದಲ್ಲಿ ಎರಡು ಪಿಸಿ ಕಾರ್ಡ್ (ಪಿಸಿಎಂಸಿಐಎಯ ಇನ್ನೊಂದು ಹೆಸರು) ಕಿಂಡಿಗಳು. ತರಬೇಕಾಗಿದ್ದದ್ದು ಸುಮಾರು 60 ಎಂಬಿ: ಲೇಖನಗಳ ಕರಡು, ಪತ್ರಗಳು, ಸ್ಕ್ಯಾನ್ ಮಾಡಿದ ಒಂದಷ್ಟು ಚಿತ್ರಗಳು.

ಮೊದಲು ಕೈ ಹಾಕಿದ್ದು ಸೀರಿಯಲ್ ಕೇಬಲ್ಲಿಗೆ, ಏಕೆಂದರೆ ಅದೇ ಎಲ್ಲಕ್ಕಿಂತ ಅಗ್ಗ. ಸೀರಿಯಲ್ ಪೋರ್ಟಿನ ಮೂಲಕ ಮಾತಾಡುವ ಹೈಪರ್‌ಟರ್ಮಿನಲ್ ತಂತ್ರಾಂಶ ಹಳೆಯ ಯಂತ್ರದಲ್ಲಿ ಇದ್ದೇ ಇರುತ್ತದೆ, ಹೊಸದರಲ್ಲಿ ಉಚಿತವಾಗಿ ಸಿಗುವ ಅಂಥದೇ ಟೆರಾ ಟರ್ಮ್ ಹಾಕಿಕೊಂಡರಾಯಿತು, ಎರಡಕ್ಕೂ ಝಡ್‌ಮೋಡೆಮ್ ಎಂಬ ಫೈಲ್ ಸಾಗಣೆಯ ವಿಧಾನ ಗೊತ್ತು. ನಡುವೆ ಬೇಕಾದದ್ದು ಒಂದು ನಲ್ ಮೋಡೆಮ್ ಕೇಬಲ್ (ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಜೋಡಿಸುವ, ತಂತಿಗಳು ಅದಲುಬದಲಾಗಿರುವ ಸೀರಿಯಲ್ ಕೇಬಲ್) ಮತ್ತು ಯುಎಸ್‌ಬಿ-ಸೀರಿಯಲ್ ಪರಿವರ್ತಕ, ಅಷ್ಟೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ: ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಪ್ರತಿ ಬೈಟಿಗೆ 10 ಬಿಟ್ ಹಿಡಿದರೆ 11,520 ಬೈಟ್, ಅಂದರೆ 60 ಎಂಬಿಗೆ ಒಂದೂವರೆ ಗಂಟೆ.

ತೊಂದರೆ ಕೊಟ್ಟದ್ದು ಕೇಬಲ್. ಅದರ ಮೇಲೆ ನಲ್ ಮೋಡೆಮ್ ಎಂಬ ಚೀಟಿಯೇನೋ ಇತ್ತು. ಸಣ್ಣ ಪಠ್ಯ ಫೈಲ್‌ಗಳು ಚೆನ್ನಾಗಿಯೇ ದಾಟಿದವು. ದೊಡ್ಡ ಚಿತ್ರವೊಂದನ್ನು ಕಳುಹಿಸಲು ಹೊರಟರೆ, ಒಂದಿಷ್ಟು ಕಿಲೋಬೈಟ್ ಹೋದ ಮೇಲೆ ಸಿಆರ್‌ಸಿ ದೋಷ (ಬಂದ ಬೈಟ್‌ಗಳು ತಾಳೆಯಾಗುತ್ತಿಲ್ಲ) ಎಂದು ಬಂದು, ಹಿಂದಕ್ಕೆ ಹೋಗಿ ಮತ್ತೆ ಕಳುಹಿಸಿ, ಮತ್ತೆ ಅದೇ ದೋಷ. ಹೈಪರ್‌ಟರ್ಮಿನಲ್‌ನಲ್ಲಿ ಫ್ಲೋ ಕಂಟ್ರೋಲ್ (ದತ್ತಾಂಶದ ಹರಿವನ್ನು ತಡೆದು ಬಿಡುವ ವ್ಯವಸ್ಥೆ) ಅನ್ನು ‘ಹಾರ್ಡ್‌ವೇರ್’ ಎಂದು ಇಟ್ಟರೆ ಒಂದು ಬೈಟ್ ಕೂಡ ಚಲಿಸುವುದಿಲ್ಲ. ‘ನನ್’ (None, ಯಾವುದೂ ಬೇಡ) ಎಂದು ಇಟ್ಟರೆ ಚಲಿಸುತ್ತದೆ, ಆದರೆ ಹೀಗೆ ಮುಗ್ಗರಿಸುತ್ತದೆ. ಪರಿವರ್ತಕದ ಚಾಲಕ ತಂತ್ರಾಂಶವನ್ನು ತೆಗೆದು ಹಾಕಿ, ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿ, ಏನೆಲ್ಲ ಮಾಡಿದರೂ ಫಲವಿರಲಿಲ್ಲ.

ಕೊನೆಗೆ ಮಲ್ಟಿಮೀಟರ್ ಹಿಡಿದು ಕೇಬಲ್ಲಿನ ಎರಡೂ ತುದಿಗಳನ್ನು ಪಿನ್ ಪಿನ್ ಮುಟ್ಟಿಸಿ ನೋಡಿದೆ. ಒಂದು ಬದಿಯ 2ನೆಯ ಪಿನ್ ಇನ್ನೊಂದು ಬದಿಯ 3ಕ್ಕೆ, 3ನೆಯದು 2ಕ್ಕೆ, 5ನೆಯದು 5ಕ್ಕೆ ಮೀಟರ್ ಕೂಗಿತು. 7ನೆಯ ಪಿನ್ನಿನಿಂದ 8ಕ್ಕೆ ಸದ್ದೇ ಇಲ್ಲ. ಒಳಗಿದ್ದದ್ದು ಮೂರೇ ತಂತಿಗಳು! ‘ಸ್ವಲ್ಪ ತಡೆ, ನನ್ನ ಬಫರ್ ತುಂಬಿದೆ’ ಎಂದು ಒಂದು ಯಂತ್ರ ಇನ್ನೊಂದಕ್ಕೆ ಹೇಳುವುದು 7 ಮತ್ತು 8ನೆಯ ಪಿನ್‌ಗಳ ಮೂಲಕವೇ. ಆ ತಂತಿಗಳೇ ಇಲ್ಲದಿದ್ದರೆ ‘ಹಾರ್ಡ್‌ವೇರ್’ ಆಯ್ಕೆಯಲ್ಲಿ ಎರಡೂ ಯಂತ್ರಗಳು ಎದುರಿನವರ ಅನುಮತಿಗಾಗಿ ಕಾಯುತ್ತ ಕೂರುತ್ತವೆ, ‘ನನ್’ ಆಯ್ಕೆಯಲ್ಲಿ ಕೇಳುವವರಿಲ್ಲದೆ ಬೈಟ್‌ಗಳು ಚೆಲ್ಲಿಹೋಗುತ್ತವೆ. ವೇಗವನ್ನು 38,400ಕ್ಕೆ ಇಳಿಸಿದ ಮೇಲೆ ಎಲ್ಲವೂ ದಾಟಿತು ಎಂಬುದು ನಿಜ, ಆದರೆ ಒಂದೂವರೆ ಗಂಟೆಯ ಕೆಲಸ ನಾಲ್ಕೂವರೆ ಗಂಟೆಗೆ ಏರಿತು. ಅಂಗಡಿಯವರಿಗೆ ತಂತಿಗಳ ವಿಷಯ ಹೇಳಿದರೆ, ಇದುವರೆಗೆ ಯಾರೂ ದೂರು ಕೊಟ್ಟಿಲ್ಲ ಎಂಬ ಉತ್ತರ ಬಂತು. ಸೀರಿಯಲ್ ಕೇಬಲ್ ಕೊಳ್ಳುವವರು ‘ಫುಲ್ ಹ್ಯಾಂಡ್‌ಶೇಕ್’, ಅಂದರೆ ಈ ತಂತಿಗಳೂ ಇರುವ ಕೇಬಲ್ ಎಂದು ಕೇಳಿಯೇ ಕೊಳ್ಳಬೇಕು.

ಇಷ್ಟಾದರೂ ಫೋಲ್ಡರ್‌ಗಳ ಸಮಸ್ಯೆ ಉಳಿಯುತ್ತದೆ. ಹೈಪರ್‌ಟರ್ಮಿನಲ್ ಕಳುಹಿಸುವುದು ಫೈಲ್‌ಗಳನ್ನೇ ಹೊರತು ಫೋಲ್ಡರ್‌ಗಳನ್ನಲ್ಲ. ಎಲ್ಲವನ್ನೂ ಝಿಪ್ ಮಾಡೋಣವೆಂದರೆ, ಆ ಯಂತ್ರದಲ್ಲಿದ್ದ ಡಾಸ್ (ವಿಂಡೋಸ್‌ಗೆ ಮುಂಚಿನ ಕಾರ್ಯಾಚರಣಾ ವ್ಯವಸ್ಥೆ) ಕಾಲದ ಪಿಕೆಝಿಪ್ ಎಂಬ ಝಿಪ್ ತಂತ್ರಾಂಶ ಉದ್ದನೆಯ ಹೆಸರುಗಳನ್ನು ಎಂಟಕ್ಷರಕ್ಕೆ ಕತ್ತರಿಸಿ ಬಾಲಕ್ಕೆ ‘~1’ ಅಂಟಿಸುತ್ತದೆ. ಮಾವ ತಮ್ಮ ಪತ್ರಗಳಿಗೆ ಊರು, ವರ್ಷ, ವ್ಯಕ್ತಿ ಎಲ್ಲವನ್ನೂ ಸೇರಿಸಿ ಹೆಸರಿಡುತ್ತಿದ್ದವರು. ಅವರ ವಿಂಗಡಣೆಯೆಲ್ಲ ಅಲ್ಲಿಗೆ ನೀರಿನಲ್ಲಿ ಹೋಮ.

ಫ್ಲಾಪಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1.44 ಎಂಬಿಯ ಡಿಸ್ಕಿನಲ್ಲಿ 60 ಎಂಬಿ ತರಲು ನಲವತ್ತಕ್ಕೂ ಹೆಚ್ಚು ಡಿಸ್ಕ್ ಬೇಕು, ಸೋನಿ ಕಂಪನಿ ಅವುಗಳ ಮಾರಾಟ ನಿಲ್ಲಿಸಿದ್ದು 2011ರಲ್ಲಿ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಡಿಸ್ಕ್ ಹಾಕಿದರೆ ಡ್ರೈವಿನ ಹೆಡ್ ಕೂಡ ಕೊಳೆಯಾಗುತ್ತದೆ. ಆದರೂ ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದನ್ನು ಇಟ್ಟುಕೊಂಡಿದ್ದೇನೆ. ಒಂದೆರಡು ಸಣ್ಣ ಫೈಲ್ ದಾಟಿಸಲು ಅದಕ್ಕಿಂತ ಸರಳವಾದದ್ದು ಇಲ್ಲ.

ಹಾರ್ಡ್‌ಡಿಸ್ಕನ್ನೇ ಬಿಚ್ಚಿ, 44 ಪಿನ್ನಿನ ಐಡಿಇ (ಹಳೆಯ ಹಾರ್ಡ್‌ಡಿಸ್ಕ್‌ಗಳ ಜೋಡಣೆ)-ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸುವುದು ಅತಿ ಸಂಪೂರ್ಣವಾದ ದಾರಿ. ಇಡೀ ಡಿಸ್ಕಿನ ಪ್ರತಿಬಿಂಬವನ್ನೇ ತೆಗೆದಿಟ್ಟುಕೊಳ್ಳಬಹುದು, ಯಂತ್ರ ಚಾಲೂ ಆಗದಿದ್ದರೆ ಇದೊಂದೇ ಗತಿ. ಆದರೆ ಮೂರು ದಶಕಗಳ ಸ್ಕ್ರೂಗಳನ್ನೂ ಪ್ಲಾಸ್ಟಿಕ್ ಕೊಂಡಿಗಳನ್ನೂ ಅಲುಗಾಡಿಸುವ ಧೈರ್ಯ ಬೇಕು, ಪಿನ್‌ಗಳ ಸಾಲು ಒಂದು ಪಕ್ಕಕ್ಕೆ ಜರುಗಿದರೂ ಡಿಸ್ಕ್ ಸುಡುವ ಅಪಾಯವಿದೆ, ಹಳೆಯ ಡಿಸ್ಕ್ ತಿರುಗಲು ಆರಂಭಿಸುವಾಗ ಎಳೆಯುವ ವಿದ್ಯುತ್ತು ಯುಎಸ್‌ಬಿ 2.0 ಕೊಡುವ 500 ಮಿಲಿಆಂಪಿಯರ್‌ಗಳನ್ನು ಮೀರಬಹುದು. ನಾನು ಪ್ರತಿಬಿಂಬ ತೆಗೆಯಲೆಂದು ಒಮ್ಮೆ ಬಿಚ್ಚಿ, ಮತ್ತೆ ಕೂರಿಸಿದೆ. ಇನ್ನೊಮ್ಮೆ ಬಿಚ್ಚುವ ಮನಸ್ಸಿಲ್ಲ, ಏಕೆಂದರೆ ಈ ಯಂತ್ರದ ಕೀಲಿಮಣೆ ನನಗೆ ಹಿಡಿಸಿಬಿಟ್ಟಿದೆ; ಈಗಲೂ ಕರಡುಗಳನ್ನು ಅದರಲ್ಲೇ ಟೈಪಿಸುತ್ತೇನೆ ಮತ್ತು ವಾರಕ್ಕೊಮ್ಮೆಯಾದರೂ ಫೈಲ್ ಸಾಗಿಸುತ್ತೇನೆ.

ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು ಸಿಎಫ್ ಕಾರ್ಡ್. ಅದರ 50 ಪಿನ್‌ಗಳನ್ನು ಪಿಸಿ ಕಾರ್ಡಿನ 68 ಪಿನ್‌ಗಳಿಗೆ ಹೊಂದಿಸಲು ಯಾವ ಚಿಪ್ ಕೂಡ ಬೇಡ; ಅಡಾಪ್ಟರ್ ಒಳಗೆ ಬರೀ ತಂತಿಗಳು, ಹಾಗಾಗಿಯೇ ಅದು ಅಗ್ಗ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಕಾರ್ಡ್ ಬೇಕಾದರೆ ಮದುವೆ ಫೋಟೋ ತೆಗೆಯುವ ಹಿರಿಯ ಛಾಯಾಗ್ರಾಹಕರನ್ನು ಕೇಳಿ. ಹಳೆಯ ಡಿಎಸ್‌ಎಲ್‌ಆರ್ ಕಾಲದ ಕಾರ್ಡ್‌ಗಳು ಅವರ ಡ್ರಾಯರಿನಲ್ಲಿ ಬಿದ್ದಿರುತ್ತವೆ. ಹೊಸ ಲ್ಯಾಪ್‌ಟಾಪ್‌ಗೆ ಸಿಎಫ್ ಓದುವ ಯುಎಸ್‌ಬಿ ರೀಡರ್ ಒಂದು ಬೇಕು. ಮೂರೂ ಸೇರಿ ನನಗೆ ತಗುಲಿದ್ದು ಆ ಕೇಬಲ್ ಮತ್ತು ಪರಿವರ್ತಕಕ್ಕೆ ಸುರಿದದ್ದಕ್ಕಿಂತ ತುಸುವೇ ಹೆಚ್ಚು.

ಎರಡು ಎಚ್ಚರಿಕೆಗಳಿವೆ. ವಿಂಡೋಸ್ 95ರ ಮೊದಲ ಆವೃತ್ತಿಗೆ ಫ್ಯಾಟ್32 ಎಂಬ ಫೈಲ್ ವ್ಯವಸ್ಥೆ ತಿಳಿಯದು, 2 ಜಿಬಿಗಿಂತ ದೊಡ್ಡ ವಿಭಾಗವನ್ನೂ ಅದು ಓದದು. 4 ಜಿಬಿ ಕಾರ್ಡನ್ನು ಹೊಸ ವಿಂಡೋಸ್‌ನಲ್ಲಿ ‘ಫ್ಯಾಟ್’ ಎಂದು ಫಾರ್ಮ್ಯಾಟ್ ಮಾಡಿದರೆ 64 ಕೆಬಿಯ ಕ್ಲಸ್ಟರ್‌ಗಳಾಗಿ (ಡಿಸ್ಕಿನ ಜಾಗವನ್ನು ಹಂಚುವ ತುಂಡುಗಳು) ಹಳೆಯ ಯಂತ್ರ ಕೈಚೆಲ್ಲುತ್ತದೆ. ಆದ್ದರಿಂದ 2 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡನ್ನೇ ಹುಡುಕಿಕೊಳ್ಳಿ. ಇನ್ನೊಂದು, ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಪಿಸಿ ಕಾರ್ಡ್ ಚಿಹ್ನೆಯನ್ನು ತೆರೆದು 32 ಬಿಟ್ ಬೆಂಬಲವನ್ನು ಚಾಲೂ ಮಾಡುವಾಗ ಅದು ವಿಂಡೋಸ್ ಸಿಡಿ ಕೇಳಬಹುದು. ಸಿಡಿ ಡ್ರೈವ್ ಇಲ್ಲದ ಇಂಥ ಯಂತ್ರಗಳಲ್ಲಿ ವಿಂಡೋಸ್ ಫೋಲ್ಡರಿನೊಳಗಿನ ‘ಆಪ್ಷನ್ಸ್’, ಅದರೊಳಗಿನ ‘ಕ್ಯಾಬ್ಸ್’ ಎಂಬಲ್ಲಿ ಆ ಫೈಲ್‌ಗಳು ಸಾಮಾನ್ಯವಾಗಿ ಇರುತ್ತವೆ. ಆ ಮೇಲೆ ಕಾರ್ಡ್ ಒಂದು ಡ್ರೈವ್ ಆಗಿ ಕಾಣಿಸುತ್ತದೆ. ಫೋಲ್ಡರನ್ನು ಎಳೆದು ಹಾಕಿದೆ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಅಷ್ಟೂ ಫೈಲ್‌ಗಳು ಉದ್ದನೆಯ ಹೆಸರು ಮತ್ತು ಕೊನೆಯ ಬಾರಿ ತಿದ್ದಿದ ದಿನಾಂಕಗಳ ಸಮೇತ ಬಂದಿದ್ದವು.

ಕನ್ನಡದ ಫೈಲ್ ತರುವವರು ಫಾಂಟ್‌ಗಳನ್ನು ಮರೆಯಬಾರದು. ಯೂನಿಕೋಡ್‌ಗೆ ಮುಂಚಿನ ‘ಬರಹ’, ‘ನುಡಿ’ ಮುಂತಾದ ಫಾಂಟ್‌ಗಳಲ್ಲಿ ಟೈಪಿಸಿದ ದಾಖಲೆ ಹೊಸ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ವರ್ಡ್ ಫೈಲ್ ಆದರೆ ಫಾಂಟಿನ ಹೆಸರು ಅದರೊಳಗೇ ಇರುತ್ತದೆ. ಬರೀ ಪಠ್ಯದ ಫೈಲಿನಲ್ಲಿ ಅದೂ ಇರುವುದಿಲ್ಲವಾದ್ದರಿಂದ, ಯೂನಿಕೋಡ್‌ಗೆ ಬದಲಿಸುವ ಯಾವ ತಂತ್ರಾಂಶಕ್ಕೆ ಅದನ್ನು ಕೊಡಬೇಕು ಎಂಬುದನ್ನು ಹಳೆಯ ಯಂತ್ರದಲ್ಲೇ ಒಮ್ಮೆ ತೆರೆದು ನೋಡಿ ಬರೆದುಕೊಳ್ಳುವುದು ಕ್ಷೇಮ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿರುವ ಟಿಟಿಎಫ್ (ಫಾಂಟ್) ಫೈಲ್‌ಗಳನ್ನು ಡಾಸ್ ಕಿಟಕಿಯಿಂದ ಕಾಪಿ ಆದೇಶ ಕೊಟ್ಟು ಅದೇ ಕಾರ್ಡಿಗೆ ಹಾಕಿಕೊಳ್ಳಿ, ಕಾರ್ಡ್ ಹೊರತೆಗೆಯುವ ಮೊದಲು ಕೆಳಗಿನ ಪಟ್ಟಿಯಲ್ಲಿರುವ ಅದರ ಚಿಹ್ನೆಯನ್ನು ಒತ್ತಿ ನಿಲ್ಲಿಸಿ.